ಮಧ್ಯಾಹ್ನ ಮೂರರ ನಂತರ ಬೈಕ್ ಮೇಲೆ ಏನಾಗುತ್ತೆ?

ಪ್ರಶ್ನೆ: ನನಗೆ 29 ವರ್ಷ. ಹೋದ ಬೇಸಿಗೆಯಲ್ಲಿ ಐದು ಜನ ಗೆಳೆಯರು ಐದು ಬೈಕಲ್ಲಿ ಒಂದೇ ದಿನದ ಟ್ರಿಪ್ ಹೋಗಿದ್ದೆವು. ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 10ಕ್ಕೆ ವಾಪಸ್, ಒಟ್ಟು 520 ಕಿ.ಮೀ. ಹಿಂದಿನ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ನಾಲ್ಕು ಗಂಟೆ ಮಲಗಿರಬಹುದು, 5ಕ್ಕೆ ಎದ್ದೆ. ಸ್ವಲ್ಪ ನೆಗಡಿ ಇತ್ತು, ಮಾತ್ರೆ ತಗೊಂಡಿದ್ದೆ. ಪದೇ ಪದೇ ಮೂತ್ರಕ್ಕೆ ನಿಲ್ಲಿಸಬೇಕಾಗುತ್ತೆ ಅಂತ ನೀರು ಕಡಿಮೆ ಕುಡಿದೆ. ಸಾಲಿನಲ್ಲಿ ನಾನೇ ಕೊನೆ. ಮಧ್ಯಾಹ್ನ 3ರ ನಂತರ ತಲೆನೋವು, ವಾಕರಿಕೆ, ಕಾಲಿನಲ್ಲಿ ಸೆಳೆತ. ವಾಪಸ್ ಬರುವಾಗ ಒಂದಷ್ಟು ದೂರದ ರಸ್ತೆ ನೆನಪೇ ಇಲ್ಲ. ಒಂದು ಕಡೆ ಗಾಡಿ ರಸ್ತೆ ಬಿಟ್ಟು ಪಕ್ಕದ ಜಲ್ಲಿಗೆ ಇಳಿದಾಗ ಎಚ್ಚರವಾಯ್ತು. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಈಗ ಮತ್ತೆ ಹೊರಡೋಣ ಅಂತಿದ್ದಾರೆ. ಜಾಕೆಟ್ ಬೇಡ, ಶೆಕೆ. ಟಯರ್ ಗಾಳಿ ಕಡಿಮೆ ಮಾಡು, ಬಿಸಿಲಿಗೆ ಸಿಡಿಯುತ್ತೆ. ಫುಲ್ ಟ್ಯಾಂಕ್ ಹಾಕಿಸಬೇಡ. ಹೆಲ್ಮೆಟ್ ಬಿಸಿಗೇ ನಿನಗೆ ತಲೆನೋವು ಬಂದಿದ್ದು... ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಉಳಿದ ನಾಲ್ಕು ಜನಕ್ಕೆ ಏನೂ ಆಗಲಿಲ್ಲ. ನನ್ನ ದೇಹವೇ ವೀಕಾ? ಹೋಗಲಾ, ಬೇಡ್ವಾ?

ಉತ್ತರ: ಯಾರಿಗೂ ಹೇಳದ್ದನ್ನು ಬರೆದು ಕಳಿಸಿದ್ದೀರಿ, ಒಳ್ಳೆಯದಾಯ್ತು. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಆ ಒಂದು ಸಾಲು, ಜಲ್ಲಿಗೆ ಇಳಿದಾಗ ಎಚ್ಚರವಾಯ್ತು ಅನ್ನೋದು. ತಲೆನೋವು, ವಾಕರಿಕೆ ಎರಡನೇ ಮಾತು. ನಾನು ಎಮರ್ಜೆನ್ಸಿ ವಾರ್ಡ್‌ನಲ್ಲಿ ಕೆಲಸ ಮಾಡುತ್ತಾ ಇಪ್ಪತ್ತು ವರ್ಷವಾಯ್ತು, ಬೈಕ್ ಓಡಿಸುತ್ತಾ ಅದಕ್ಕಿಂತ ಜಾಸ್ತಿ. ಬೇಸಿಗೆ ಸಂಜೆಗಳಲ್ಲಿ ಗಾಯ ಮಾಡಿಕೊಂಡು ಬರುವ ಬೈಕ್ ಸವಾರರನ್ನು "ಏನಾಯ್ತು?" ಅಂತ ಕೇಳಿದರೆ ಎಷ್ಟೋ ಜನ ಹೇಳುವುದು ಒಂದೇ: "ಗೊತ್ತಾಗಲಿಲ್ಲ ಡಾಕ್ಟ್ರೇ." ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಾಗಿರುವುದಿಲ್ಲ.

ಮೊದಲು ನಿಮ್ಮ ದೇಹ ವೀಕಾ ಅನ್ನುವ ಪ್ರಶ್ನೆ. ನೀವು ಬರೆದಿದ್ದನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಆ ದಿನ ನಿಮ್ಮ ಮೇಲೆ ನಾಲ್ಕು ಭಾರ ಒಟ್ಟಿಗೆ ಬಿದ್ದಿದ್ದವು: ಅರೆನಿದ್ದೆ, ನೆಗಡಿ ಮಾತ್ರೆ, ಕಡಿಮೆ ನೀರು, ಸಾಲಿನ ಕೊನೆಯ ಜಾಗ. ಉಳಿದವರಿಗೆ ಇವುಗಳಲ್ಲಿ ಒಂದೋ ಎರಡೋ ಇದ್ದಿರಬಹುದು. ಅವರಿಗೂ ಏನೂ ಆಗಲಿಲ್ಲ ಅಂತ ನಿಮಗೆ ಹೇಗೆ ಗೊತ್ತು? ನೀವೂ ಯಾರಿಗೂ ಹೇಳಲಿಲ್ಲ ಅಲ್ವಾ?

ನಿದ್ದೆಯಿಂದ ಶುರು ಮಾಡೋಣ. ನೀವು 5ಕ್ಕೆ ಎದ್ದು ರಾತ್ರಿ 10ಕ್ಕೆ ಮನೆ ಮುಟ್ಟಿದಿರಿ, ಅಂದರೆ 17 ಗಂಟೆ ಎಚ್ಚರ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಇದನ್ನೇ ಅಳೆದು ನೋಡಿದ್ದರು. 17 ಗಂಟೆ ಸತತ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಕೆಟ್ಟಿತ್ತು. ಎಷ್ಟೋ ದೇಶಗಳಲ್ಲಿ ಗಾಡಿ ಓಡಿಸಲು ಕಾನೂನು ಎಳೆದಿರುವ ಗೆರೆಯೇ ಅದು. ನಿಮ್ಮದು ನಾಲ್ಕೇ ಗಂಟೆ ನಿದ್ದೆಯ ಮೇಲಿನ 17 ಗಂಟೆ. ಅದರ ಮೇಲೆ ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಎಲ್ಲರ ದೇಹಕ್ಕೂ ಒಂದು ತೂಕಡಿಕೆ ಬರುತ್ತದೆ. ಊಟ ಮಾಡದಿದ್ದರೂ ಬರುತ್ತದೆ, ದೇಹದ ಗಡಿಯಾರವೇ ಹಾಗಿದೆ.

ರಸ್ತೆ ನೆನಪಿಲ್ಲ ಅನ್ನುವುದು ಅಷ್ಟೇ ಆಗಿದ್ದರೆ, ಮನಸ್ಸು ಬೇರೆಲ್ಲೋ ಇತ್ತು, ಕೈ ಅಭ್ಯಾಸಬಲದಲ್ಲಿ ಓಡಿಸಿತು ಅನ್ನಬಹುದಿತ್ತು. ಆದರೆ ಗಾಡಿ ರಸ್ತೆ ಬಿಟ್ಟು ಇಳಿದಿದೆ. ಹಾಗಾಗಿ ನಾನು ಇದನ್ನು ಕ್ಷಣದ ನಿದ್ದೆ ಅಂತಲೇ ತಗೊಳ್ಳುತ್ತೇನೆ. ಕಣ್ಣು ತೆರೆದಿದ್ದರೂ ಮೆದುಳು ಕೆಲವು ಸೆಕೆಂಡ್ ಮಲಗಿಬಿಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಅಂದರೆ 66 ಮೀಟರ್. ಅಷ್ಟು ದೂರ ಬೈಕನ್ನು ಯಾರೂ ಓಡಿಸುತ್ತಿರಲಿಲ್ಲ. ಆ ಕಡೆ ಜಲ್ಲಿ ಇತ್ತು, ಎದುರಿಗೆ ಲಾರಿ ಇರಲಿಲ್ಲ.

ಆ ನೆಗಡಿ ಮಾತ್ರೆ ಬಗ್ಗೆ ನೀವು ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ನೆಗಡಿಗೆ ಕೊಡುವ ಹಳೆಯ ಅಲರ್ಜಿ ಔಷಧಗಳು, ಉದಾಹರಣೆಗೆ ಕ್ಲೋರ್‌ಫೆನಿರಮಿನ್, ಮಂಪರು ತರುತ್ತವೆ. ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನೆಂದರೆ, ಈ ಗುಂಪಿನ ಔಷಧಗಳು ಬೆವರುವುದನ್ನೂ ಕಡಿಮೆ ಮಾಡಬಲ್ಲವು. ಬಿಸಿಲಿನಲ್ಲಿ ದೇಹವನ್ನು ತಂಪು ಮಾಡುವ ದಾರಿ ಬೆವರು, ಅದಕ್ಕೇ ಅಡ್ಡ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು, ಮಾನಸಿಕ ಆರೋಗ್ಯಕ್ಕೆ ಮಾತ್ರೆ ತಗೊಳ್ಳುವವರು ನಿಮ್ಮ ಗುಂಪಿನಲ್ಲಿದ್ದರೆ, ಮಾತ್ರೆ ಬಿಡುವುದು ಬೇಡ, ಹೊರಡುವ ಮೊದಲು ತಮ್ಮ ಡಾಕ್ಟರ್‌ಗೆ ಒಂದು ಮಾತು ಕೇಳಲಿ.

ಇನ್ನು ನೀರು. ಮೂತ್ರಕ್ಕೆ ನಿಲ್ಲಿಸಬೇಕಾಗುತ್ತೆ ಅಂತ ನೀರು ಬಿಡುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅದರಲ್ಲೂ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ, ದಾರಿಯಲ್ಲಿ ಸರಿಯಾದ ಶೌಚಾಲಯ ಸಿಗಲ್ಲ ಅಂತ ಅವರು ಬೆಳಿಗ್ಗೆಯಿಂದಲೇ ಬಾಯಿ ಒಣಗಿಸಿಕೊಂಡು ಕೂತಿರುತ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮೊದಲು ಇದನ್ನು ನೋಡಿ ಗೊತ್ತುಮಾಡಿ, ಫೋಟೋ ಜಾಗ ಆಮೇಲೆ. ಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ಬೆವರು ಹೋಗಬಹುದು. 70 ಕೆ.ಜಿ. ತೂಕದವರಿಗೆ ಸುಮಾರು 1.4 ಲೀಟರ್ ನಷ್ಟವಾದರೆ, ಅಂದರೆ ತೂಕದ ಶೇ. 2ರಷ್ಟು, ದೇಹದ ಕಸುವು ಇಳಿಯತೊಡಗುತ್ತದೆ, ಗಮನವೂ ಮಂಕಾಗುತ್ತದೆ. ಬೈಕಿನ ಮೇಲೆ ಇನ್ನೊಂದು ಮೋಸ ಇದೆ: ಗಾಳಿಗೆ ಬೆವರು ಆಗಿಂದಾಗ್ಗೆ ಆರಿಹೋಗುತ್ತದೆ, ಹಾಗಾಗಿ ನಾನು ಬೆವರುತ್ತಲೇ ಇಲ್ಲ ಅನ್ನಿಸುತ್ತದೆ. ಸಂಜೆ ಕಪ್ಪು ಟೀ ಶರ್ಟ್ ಬಿಚ್ಚಿ ನೋಡಿ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆಗಳು ನಕ್ಷೆಯ ಹಾಗೆ ಕೂತಿರುತ್ತವೆ. ಅಷ್ಟೂ ನಿಮ್ಮ ಮೈಯಿಂದ ಹೋದದ್ದು.

ಹಾಗಂತ ನಿಲ್ಲಿಸಿದಾಗ ಒಂದೇ ಸಲ ಎರಡು ಲೀಟರ್ ಸುರಿದುಕೊಳ್ಳುವುದೂ ತಪ್ಪು. ಇಡೀ ದಿನ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಅದಕ್ಕೂ ಲಕ್ಷಣ ತಲೆನೋವು, ವಾಕರಿಕೆಯೇ, ಹಾಗಾಗಿ ಜನ ಇನ್ನಷ್ಟು ನೀರು ಕುಡಿಯುತ್ತಾರೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸ್ವಲ್ಪ ಸ್ವಲ್ಪವಾಗಿ. ದಿನದಲ್ಲಿ ಒಂದೆರಡು ಸಲ ಓಆರ್‌ಎಸ್. ಪ್ಯಾಕೆಟ್ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟರಲ್ಲೇ ಕಲಸಿ. ಗಟ್ಟಿ ಮಾಡಿದರೆ ಜಾಸ್ತಿ ಶಕ್ತಿ ಅಂತ ಕಡಿಮೆ ನೀರಿಗೆ ಹಾಕಬೇಡಿ, ಅದು ಉಲ್ಟಾ ಕೆಲಸ ಮಾಡುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ತಮ್ಮ ಡಾಕ್ಟರ್ ಹೇಳಿದಷ್ಟೇ ಕುಡಿಯಬೇಕು.

ಈಗ ಗೆಳೆಯರ ಸಲಹೆಗಳಿಗೆ ಬರೋಣ. ಜಾಕೆಟ್ ತೆಗೆದರೆ ತಂಪು ಅನ್ನುವುದು ಅರ್ಧ ನಿಜ. ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಾಗಿರುವವರೆಗೂ ಮೈಗೆ ಗಾಳಿ ಬಡಿದಷ್ಟೂ ಹಿತ. ಹೊರಗೆ 40 ಆದಾಗ ಕಥೆ ತಿರುಗುತ್ತದೆ. ಆಗ ಬೀಸುವ ಗಾಳಿ ನಿಮ್ಮ ಮೈಗೇ ಶಾಖ ತುಂಬುತ್ತದೆ, ಒಲೆಯ ಎದುರು ಕೂತ ಹಾಗೆ. ಬೆವರೊಂದೇ ಆಗ ಕಾಪಾಡುವುದು, ಬರಿಮೈಯಲ್ಲಿ ಅದೂ ಬೇಗ ಹಾರಿಹೋಗಿ ನೀರು ಖಾಲಿಯಾಗುತ್ತದೆ. ಮರುಭೂಮಿಯ ಜನ ಮೈತುಂಬ ಸಡಿಲ ಬಟ್ಟೆ ಹಾಕುವುದನ್ನು ನೆನಪಿಸಿಕೊಳ್ಳಿ.

ನಾನು ಮಾಡುವುದು ಇಷ್ಟು. ಹತ್ತಿ ಟೀ ಶರ್ಟ್ ಒಂದನ್ನು ನೀರಲ್ಲಿ ಅದ್ದಿ, ಹಿಂಡಿ, ಹಾಗೇ ಹಾಕಿಕೊಂಡು ಮೇಲೆ ಗಾಳಿಯಾಡುವ ಮೆಶ್ ಜಾಕೆಟ್ ಹಾಕುತ್ತೇನೆ. ಮೊದಲ ಎರಡು ನಿಮಿಷ ಮೈ ಜುಮ್ಮೆನ್ನುತ್ತದೆ. ಆಮೇಲೆ ಅರ್ಧ ಮುಕ್ಕಾಲು ಗಂಟೆ ತಂಪು. ಒಣಗಿತು ಅಂತ ಅನ್ನಿಸಿದ ಹೊತ್ತಿಗೆ ಹೇಗೂ ನಿಲ್ಲಿಸುವ ಸಮಯ ಆಗಿರುತ್ತದೆ. ಇದು ಒಣ ಬಿಸಿಲಿಗೆ ಮಾತ್ರ. ಗಾಳಿಯಲ್ಲಿ ತೇವ ತುಂಬಿ ಮೈ ಅಂಟಂಟಾಗುವ ಸೆಕೆಯಲ್ಲಿ ಬೆವರೂ ಆರುವುದಿಲ್ಲ, ಒದ್ದೆ ಬಟ್ಟೆಯೂ ಆರುವುದಿಲ್ಲ. ಅಂಥ ದಿನ ಯಾವ ಉಪಾಯವೂ ಇಲ್ಲ, ಆ ಹೊತ್ತಿನಲ್ಲಿ ಓಡಿಸದೇ ಇರುವುದೊಂದೇ. ಜಾಕೆಟ್ ಇಲ್ಲದೆ ಟಾರ್ ರಸ್ತೆ ಮೇಲೆ ಜಾರಿದವರ ಚರ್ಮದಿಂದ ಚಿಮುಟದಲ್ಲಿ ಒಂದೊಂದೇ ಕಲ್ಲು ತೆಗೆದಿದ್ದೇನೆ, ಹಾಗಾಗಿ ಈ ವಿಷಯದಲ್ಲಿ ನಾನು ರಾಜಿ ಆಗಲ್ಲ.

ಹೆಲ್ಮೆಟ್ ಬಿಸಿಯಿಂದ ಮೆದುಳು ಕಾಯುವುದಿಲ್ಲ. ಹಣೆಯ ಹತ್ತಿರ ಬಿಗಿಯಾಗಿ ಒತ್ತುವ, ಸೈಜ್ ಸರಿಯಿಲ್ಲದ ಹೆಲ್ಮೆಟ್ ತಲೆನೋವು ತರಬಲ್ಲದು, ಅದು ಬೇರೆ. ಬಿಚ್ಚಿದಾಗ ಹಣೆ ಮೇಲೆ ಕೆಂಪು ಗೆರೆ ಉಳಿದು ಅಲ್ಲೇ ನೋಯುತ್ತಿದ್ದರೆ ಹೆಲ್ಮೆಟ್ ಬದಲಿಸಿ. ಬೈಕಿಗೆ ಹೆಲ್ಮೆಟ್ ಬಂದ ಕಥೆಯಲ್ಲಿ ನನ್ನ ವೃತ್ತಿಯವರೊಬ್ಬರ ಪಾಲಿದೆ. 1935ರಲ್ಲಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸತ್ತ, 'ಲಾರೆನ್ಸ್ ಆಫ್ ಅರೇಬಿಯಾ' ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್ ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ನರಶಸ್ತ್ರವೈದ್ಯರೂ ಇದ್ದರು. ಆಮೇಲೆ ಅವರು ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಕೂತು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆ ಅಂತ 1941ರಲ್ಲಿ ಬರೆದರು. ಶೆಕೆ ಆಗುತ್ತೆ ಅಂತ ಹೆಲ್ಮೆಟನ್ನು ಟ್ಯಾಂಕ್ ಮೇಲಿಡುವ ಗೆಳೆಯ ಇದ್ದರೆ ಅವರ ಹತ್ತಿರ ಇದನ್ನು ಹೇಳಿ.

ಟಯರ್ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ತಲೆಕೆಳಗು. ಗಾಳಿ ಕಡಿಮೆ ಇದ್ದರೆ ಟಯರ್ ಪ್ರತಿ ಸುತ್ತಿಗೂ ಜಾಸ್ತಿ ಬಗ್ಗಿ ಏಳುತ್ತದೆ, ಬಗ್ಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿಗೇ ಟಯರ್ ಸಿಡಿಯುವುದು. ಕಂಪನಿ ಹೇಳಿದಷ್ಟು ಗಾಳಿಯನ್ನು ಬೆಳಿಗ್ಗೆ, ಟಯರ್ ತಣ್ಣಗಿರುವಾಗ ಹಾಕಿಸಿ. ಹಿಂದೆ ಒಬ್ಬರು ಕೂರುವುದಾದರೆ ಹಿಂದಿನ ಟಯರ್‌ಗೆ ಎಷ್ಟು ಅಂತ ಮ್ಯಾನುಯಲ್‌ನಲ್ಲಿ ಬೇರೆ ಬರೆದಿರುತ್ತದೆ. ಓಡಿ ಬಿಸಿಯಾದ ಮೇಲೆ 3-4 ಪಿಎಸ್ಐ ಜಾಸ್ತಿ ತೋರಿಸುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ. ಟಯರ್‌ನ ಪಕ್ಕದ ಗೋಡೆ ಮೇಲೆ ನಾಲ್ಕು ಅಂಕಿ ಒತ್ತಿರುತ್ತಾರೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಹಳೆಯದಾಗಿ ಕೂದಲೆಳೆ ಬಿರುಕು ಕಂಡರೆ ಬಿಸಿಲ ಟ್ರಿಪ್‌ಗೆ ಅದು ಬೇಡ. ಫುಲ್ ಟ್ಯಾಂಕ್ ಸ್ಫೋಟ ಆಗುತ್ತೆ ಅನ್ನುವುದೂ ಸುಳ್ಳು. ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗಿಂತ ಎಷ್ಟೋ ಜಾಸ್ತಿ ಶಾಖ ಬೇಕು. ಕತ್ತಿನವರೆಗೆ ತುಂಬಿಸಿ ಬಿಸಿಲಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಹಿಗ್ಗಿ ಹೊರಗೆ ಜಿನುಗಬಹುದು, ಹಾಗಾಗಿ ಗುರುತಿನವರೆಗೆ ಸಾಕು. ಸೈಡ್ ಸ್ಟ್ಯಾಂಡ್ ಅಂದಾಗ ನೆನಪಾಯ್ತು, ಬಿಸಿಲಿಗೆ ಮೆತ್ತಗಾದ ಟಾರ್‌ನಲ್ಲಿ ಅದು ಮೆಲ್ಲಗೆ ಹೂತು ಗಾಡಿ ಮಗುಚುತ್ತದೆ, ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. ಓಡಿಸುವಾಗಲೂ ಕಪ್ಪಗೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಟಾರ್ ಪಟ್ಟಿ ಕಂಡರೆ ಅದರ ಮೇಲೆ ಬ್ರೇಕ್ ಹಿಡಿಯಬೇಡಿ, ಗಾಡಿ ವಾಲಿಸಬೇಡಿ.

ಇಷ್ಟೂ ಒಂದು ಕಡೆ. ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ನೀವು ಸಾಲಿನ ಕೊನೆಯಲ್ಲಿದ್ದದ್ದು ಮತ್ತು ಯಾರಿಗೂ ಹೇಳದೇ ಇದ್ದದ್ದು.

ಐದು ಗಾಡಿಯ ಸಾಲು ರಬ್ಬರ್ ಬ್ಯಾಂಡ್ ಇದ್ದ ಹಾಗೆ. ಮುಂದಿನವನು ಒಂದು ಲಾರಿ ದಾಟಿ ಮುಂದೆ ಹೋದ. ಕೊನೆಯವನಿಗೆ ಆ ಅವಕಾಶ ಸಿಗುವಷ್ಟರಲ್ಲಿ ಅರ್ಧ ಕಿಲೋಮೀಟರ್ ಅಂತರ ಬಿದ್ದಿರುತ್ತದೆ. ಅದನ್ನು ಮುಚ್ಚಲು ಮುಂದಿನವನು 80ರಲ್ಲಿದ್ದರೆ ನೀವು 95, 100 ಓಡಿಸಬೇಕು. ಇಡೀ ದಿನ ಹೀಗೇ. ಮೇಲೆ ಹೆಲ್ಮೆಟ್ ಒಳಗಿನ ಗಾಳಿ ಸದ್ದು, ಆ ವೇಗದಲ್ಲಿ ಅದು ಸುಮಾರು 95 ಡೆಸಿಬಲ್ ಮುಟ್ಟುತ್ತದೆ. ಸದ್ದೂ ದಣಿಸುತ್ತದೆ, ಇಯರ್ ಪ್ಲಗ್ ಹಾಕಿ ಒಂದು ದಿನ ಓಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಂದರೆ ಅದೇ 520 ಕಿಲೋಮೀಟರ್, ಆದರೆ ಮುಂದಿದ್ದವನು ಸುತ್ತಾಡಿದ, ನೀವು ಅಟ್ಟಿಸಿಕೊಂಡು ಹೋದಿರಿ. ಕೊನೆಯ ಜಾಗಕ್ಕೆ ಗುಂಪಿನ ಅತ್ಯಂತ ಅನುಭವಿ ಇರಬೇಕು. ಹೊಸಬರು, ದಣಿಯುವವರು ಲೀಡ್ ಮಾಡುವವರ ಹಿಂದೆಯೇ ಎರಡನೆಯವರಾಗಿ. ನೇರ ರಸ್ತೆಯಲ್ಲಿ ಓರೆ ಸಾಲು (ಒಬ್ಬರು ಎಡಕ್ಕೆ, ಅವರ ಹಿಂದಿನವರು ಬಲಕ್ಕೆ), ನಿಮ್ಮ ನೇರ ಮುಂದಿರುವ ಗಾಡಿಗೆ ಕನಿಷ್ಠ ಎರಡು ಸೆಕೆಂಡ್ ಅಂತರ, ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು. ಪ್ರತಿಯೊಬ್ಬರೂ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತಿರಬೇಕು, ಕಾಣದಿದ್ದರೆ ನಿಧಾನ ಮಾಡಬೇಕು. ಆಗ ತಾನಾಗಿಯೇ ಎಲ್ಲರೂ ನಿಧಾನವಾಗುತ್ತಾರೆ, ಕೊನೆಯವರು ಅಟ್ಟಿಸಿಕೊಂಡು ಹೋಗಬೇಕಿಲ್ಲ.

ಹೇಳದೇ ಇರುವುದರ ಬಗ್ಗೆ ಒಂದು ಪ್ರಸಂಗ ಹೇಳುತ್ತೇನೆ. ವರ್ಷಗಳ ಹಿಂದೆ ಇಂಥದ್ದೇ ಒಂದು ಟ್ರಿಪ್‌ನಲ್ಲಿ ಮರದ ನೆರಳಲ್ಲಿ ನಿಲ್ಲಿಸಿದ್ದೆವು. ಒಬ್ಬ ಗೆಳೆಯ ಹೆಲ್ಮೆಟ್ ಬಕಲ್ ಬಿಚ್ಚಲು ಹೋದ. ಬೆರಳು ಬಕಲ್ ಹತ್ತಿರ ಹೋಗುತ್ತೆ, ಜಾರುತ್ತೆ. ಇನ್ನೊಂದು ಸಲ, ಮತ್ತೊಂದು ಸಲ. "ಆರಾಮಿದ್ದೀಯಾ?" ಅಂದೆ. "ಸೂಪರ್" ಅಂದ, ನಕ್ಕ. ನಾನು ಹೊರಗಿನ ಶಾಖ, ಕಳೆದ ಗಂಟೆಗಳು ಎಲ್ಲ ಲೆಕ್ಕ ಹಾಕಿ ಅವನನ್ನು ಅಲ್ಲೇ ಮಲಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಬೀಸಿದೆವು. ಅರ್ಧ ಗಂಟೆಯಾದ ಮೇಲೆ ಅವನು ಹೇಳಿದ, ಹಿಂದಿನ ಊರು ದಾಟಿದ್ದು ತನಗೆ ನೆನಪಿಲ್ಲ ಅಂತ. ಆರಾಮಿದ್ದೀಯಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಗೆಳೆಯರ ಮುಂದೆ ಇಲ್ಲ ಅನ್ನುವುದು ಕಷ್ಟ. ಅದಕ್ಕೇ ನಾನು ಈಗ ಬೇರೆ ಥರ ಕೇಳುತ್ತೇನೆ: ಕೊನೆಗೆ ಮೂತ್ರಕ್ಕೆ ಹೋಗಿದ್ದು ಯಾವಾಗ? ಬಣ್ಣ ಹೇಗಿತ್ತು? ಈಗ ದಾಟಿದ ಸೇತುವೆ ಆದಮೇಲೆ ಏನು ಬಂತು? ಕೈ ಬಕಲ್ ಬಿಚ್ಚುವುದನ್ನು ಸುಮ್ನೆ ನೋಡುತ್ತೇನೆ.

ನಿಮ್ಮ ಆ ದಿನದ ತಲೆನೋವು, ವಾಕರಿಕೆ, ಸೆಳೆತ ನನ್ನ ಲೆಕ್ಕದಲ್ಲಿ ಶಾಖದ ಬಳಲಿಕೆ. ನೆರಳು, ನೀರು, ಮೈ ಒದ್ದೆ ಮಾಡಿ ಗಾಳಿ ಬೀಸುವುದು, ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆ. ಆದರೆ ಯಾರಾದರೂ ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ, ಸಿಡುಕಿ ಜಗಳಕ್ಕೆ ಬಂದರೆ ಅದು ಶಾಖಾಘಾತ ಅಂತಲೇ ತಿಳಿಯಿರಿ. ದೇಹದ ಒಳಶಾಖ 40 ಡಿಗ್ರಿ ದಾಟಿರಬಹುದು. ಬೆವರು ನಿಂತರೆ ಮಾತ್ರ ಶಾಖಾಘಾತ ಅನ್ನುವುದು ತಪ್ಪು ನಂಬಿಕೆ, ಬೆವರುತ್ತಿದ್ದರೂ ಆಗಬಹುದು. ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿ, ಉಳಿದವರು ಆ ಕ್ಷಣದಿಂದಲೇ ಸಿಕ್ಕಿದಷ್ಟು ನೀರು ಮೈಮೇಲೆ ಸುರಿದು ಬೀಸುತ್ತಿರಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಬೈಕ್ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಬೇಡಿ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಅವರು ಬೀಳುತ್ತಾರೆ.

ಹಾಗಾದರೆ ಹೋಗಲಾ ಬೇಡ್ವಾ? ಹೋಗಿ, ಆದರೆ ಅದೇ ಟ್ರಿಪ್ ಬೇಡ. ನಿಮ್ಮ ಮುಂದೆ ಮೂರು ದಾರಿ ಇವೆ. ರಾತ್ರಿ ಅಲ್ಲೇ ಉಳಿದು 520 ಕಿಲೋಮೀಟರನ್ನು ಎರಡು ದಿನಕ್ಕೆ ಹಂಚುವುದು ಎಲ್ಲಕ್ಕಿಂತ ಸುರಕ್ಷಿತ, ರಜೆ ಮತ್ತು ಖರ್ಚು ಹೊಂದಬೇಕಷ್ಟೇ. ಒಂದೇ ದಿನದಲ್ಲಿ 520 ಮುಗಿಸಲೇಬೇಕು ಅಂತ ನಸುಕಿಗೆ ಹೊರಟು ನಡುಹಗಲು ಮಲಗಿ ರಾತ್ರಿ ಓಡಿಸಿದರೆ ಬಿಸಿಲು ತಪ್ಪುತ್ತದೆ, ಆದರೆ ಕತ್ತಲು, ಎದುರಿನ ಹೆಡ್‌ಲೈಟ್, ರಸ್ತೆಗೆ ಬರುವ ಪ್ರಾಣಿ, ಅಷ್ಟೇ ಉದ್ದದ ದಿನದ ದಣಿವು. ಬಿಸಿಲು ತಪ್ಪಿಸಿ ನಿದ್ದೆಯ ಬಾಯಿಗೆ ಬೀಳುವುದು ಅದು, ನಾನು ಒಪ್ಪಲ್ಲ. ಮೂರನೆಯದು ಹೋಗಿ ಬರಲು ಒಟ್ಟು 300 ಕಿಲೋಮೀಟರ್ ಒಳಗಿನ ಜಾಗ. ಬೆಳಿಗ್ಗೆ 5ಕ್ಕೆ ಹೊರಟರೆ ನಡುವೆ ಎರಡು ಸಲ ನಿಲ್ಲಿಸಿಯೂ 9ರೊಳಗೆ ತಲುಪುತ್ತೀರಿ. ಬಿಸಿಲಿನ ಹೊತ್ತು ಅಲ್ಲೇ ಇರಿ, ಊಟವಾದ ಮೇಲೆ ನೆರಳಲ್ಲಿ ಒಂದು ನಿದ್ದೆ ಮಾಡಿ. 4ಕ್ಕೆ ಹೊರಟರೆ 8ರೊಳಗೆ ಮನೆ. ಇದರಲ್ಲೂ ಸಂಜೆ ಸೂರ್ಯನ ತೊಂದರೆ ಇದೆ. ಸೂರ್ಯ ನಿಮ್ಮ ಬೆನ್ನಿಗಿದ್ದರೆ ನಿಮಗೆ ಎಲ್ಲ ಚೆನ್ನಾಗಿ ಕಾಣುತ್ತದೆ, ಆದರೆ ಎದುರಿಂದ ಬರುವವನ ಕಣ್ಣಿಗೆ ಬಿಸಿಲು ಹೊಡೆದು ಅವನಿಗೆ ನೀವು ಕಾಣುವುದಿಲ್ಲ. ಕಪ್ಪು ವೈಸರ್ ಹಾಕುವವರು ಬಿಳಿಯದೊಂದನ್ನು ಬ್ಯಾಗಲ್ಲಿ ಇಟ್ಟುಕೊಳ್ಳಲಿ. ನನ್ನ ಆಯ್ಕೆ ಕೇಳಿದರೆ ಈ ಮೂರನೆಯದು.

ದಾರಿಯಲ್ಲಿ ತೂಕಡಿಕೆ ಬಂದರೆ ಹಾಡು ಹೇಳುವುದು, ವೈಸರ್ ಎತ್ತುವುದು, ಮುಖಕ್ಕೆ ನೀರು, ಇವೆಲ್ಲ ಕೆಲವು ನಿಮಿಷದ ಆಟ. ಒಂದು ಕಪ್ ಕಾಫಿ ಕುಡಿದು ತಕ್ಷಣ 15-20 ನಿಮಿಷ ಮಲಗಿ. ಕಾಫಿ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು, ಎದ್ದಾಗ ಎರಡೂ ಸಿಗುತ್ತವೆ. ಅದೂ ಒಂದೆರಡು ಗಂಟೆಯ ಮಟ್ಟಿಗೆ, ರಾತ್ರಿ ನಿದ್ದೆಗೆ ಬದಲಿಯಾಗಲ್ಲ.

ಹೊರಡುವ ಮೊದಲು ಜಲ್ಲಿಯ ವಿಷಯವನ್ನು ಗೆಳೆಯರಿಗೆ ಹೇಳಿ. ನಾಲ್ಕೂ ಜನ ಒಟ್ಟಿಗೆ ಕೂತಾಗ ಹೇಳುವುದು ಕಷ್ಟ ಅನ್ನಿಸಿದರೆ, ನಿಮಗೆ ಹತ್ತಿರದ ಒಬ್ಬರಿಗೆ ಹೇಳಿ, ಅವರೇ ಕೊನೆಯ ಗಾಡಿ ಓಡಿಸಲಿ. ಯಾರು ಒಂದು ಸಲ ಹಾರ್ನ್ ಮಾಡಿ ಪಕ್ಕಕ್ಕೆ ತೋರಿಸಿದರೂ ಯಾಕೆ ಅಂತ ಕೇಳದೆ ಎಲ್ಲರೂ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಇಂಥ ತಲೆನೋವು ಬಿಸಿಲಿಲ್ಲದ ದಿನವೂ ಬರುತ್ತಿದ್ದರೆ, ರಾತ್ರಿ ಪೂರ್ತಿ ಮಲಗಿಯೂ ಹಗಲು ತೂಕಡಿಸುತ್ತಿದ್ದರೆ, ಗೊರಕೆ ಜೋರಿದ್ದರೆ, ಟ್ರಿಪ್‌ಗೆ ಮೊದಲೇ ಡಾಕ್ಟರ್‌ಗೆ ತೋರಿಸಿ. ಬಿಪಿ, ಶುಗರ್, ನಿದ್ದೆಯ ಉಸಿರಾಟ ಮೂರೂ ನೋಡುತ್ತಾರೆ. ಹೊರಡುವ ಹಿಂದಿನ ರಾತ್ರಿ ಮತ್ತೆ ಆ ನೆಗಡಿ ಮಾತ್ರೆ ಬೇಕಾಯಿತು ಅಂದರೆ, ಮಾತ್ರೆ ತಗೊಂಡು ಮಲಗಿ. ಟ್ರಿಪ್ ಇನ್ನೊಂದು ಭಾನುವಾರಕ್ಕೆ ಹಾಕಿ.